ಪಬ್‌ನಲ್ಲಿ ರಾತ್ರಿ ಫೋಟೋ ತೆಗೆಯಲು ಯಾವ ಕ್ಯಾಮೆರಾ ತಗೊಳ್ಳಲಿ? ಬಜೆಟ್ ಒಂದು ಲಕ್ಷ, ಡಿ5600 ಮಾರಿಬಿಡಲಾ?

ಹಾಸನದ ಹುಡುಗ

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಬೆಂಗಳೂರಲ್ಲಿ ಒಬ್ಬ ಮದುವೆ ಫೋಟೋಗ್ರಾಫರ್ ಜೊತೆ ಅಸಿಸ್ಟೆಂಟ್ ಆಗಿ ಹೋಗುತ್ತಿದ್ದೇನೆ. ಧಾರೆ, ರಿಸೆಪ್ಷನ್, ನಾಮಕರಣ ಎಲ್ಲ ತೆಗೆದು ಅಭ್ಯಾಸ ಇದೆ. ಈಗ ಕೋರಮಂಗಲದ ಒಂದು ಪಬ್‌ನವರು ಶುಕ್ರವಾರ, ಶನಿವಾರ ರಾತ್ರಿ 10ರಿಂದ 1ರ ತನಕ ಬಂದು ಫೋಟೋ ತೆಗೆದುಕೊಡಿ ಎಂದಿದ್ದಾರೆ. ಹೋದ ವಾರ ಸುಮ್ನೆ ಟ್ರಯಲ್‌ಗೆ ಹೋಗಿದ್ದೆ. ನನ್ನ ಹತ್ತಿರ ಇರುವುದು ನಿಕಾನ್ ಡಿ5600, ಅದರ ಜೊತೆ ಬಂದ 18-55 ಕಿಟ್ ಲೆನ್ಸ್, ಮತ್ತೆ 50 ಎಂಎಂ ಎಫ್ 1.8. ಫ್ಲ್ಯಾಶ್ ಇಲ್ಲ, ಮದುವೆಗೆ ಹೋದಾಗ ನಮ್ಮ ಸರ್ ಫ್ಲ್ಯಾಶೇ ಬಳಸುವುದು.

ಫಲಿತಾಂಶ ಹೇಳಲು ನಾಚಿಕೆ ಆಗುತ್ತದೆ. ಐಎಸ್ಒ (ಸೆನ್ಸರಿನ ಸೂಕ್ಷ್ಮತೆ) 6400, ಲೆನ್ಸ್ ಬಾಯಿ ಪೂರ್ತಿ ತೆರೆದು ಎಫ್ 1.8, ಆದರೂ ಕತ್ತಲು. ಫೋಕಸ್ ಹಿಂದೆ ಮುಂದೆ ಓಡಾಡಿ ಓಡಾಡಿ ಕೊನೆಗೆ ಹಿಂದಿನ ಗೋಡೆಗೆ ಹೋಗಿ ಕೂರುತ್ತದೆ. 400 ಫೋಟೋದಲ್ಲಿ ಕೊಡುವ ಹಾಗಿದ್ದದ್ದು 15 ಇರಬಹುದು. ಮುಖಗಳೆಲ್ಲ ನೇರಳೆ ಹಣ್ಣು ತಿಂದ ನಾಲಿಗೆ ಬಣ್ಣ. ಮ್ಯಾನೇಜರ್ ನೋಡಿ ಏನೂ ಹೇಳಲಿಲ್ಲ, ಅದೇ ಜಾಸ್ತಿ ಬೇಜಾರಾಯಿತು.

ಕೈಯಲ್ಲಿ ಒಂದು ಲಕ್ಷ ಇದೆ. ಡಿ5600 ಮಾರಿದರೆ ಇನ್ನೊಂದಿಷ್ಟು ಸೇರುತ್ತದೆ. ಸೆಕೆಂಡ್ ಹ್ಯಾಂಡ್ ಸೋನಿ ಎ7 3 ತಗೊಂಡು 35 ಎಂಎಂ ಎಫ್ 1.4 ಹಾಕಲಾ? ಇಲ್ಲ ಕ್ಯಾನನ್ ಆರ್6 ನೋಡಲಾ? ಅನುಭವ ಇರುವವರು ಹೇಳಿ.

ಒಂದೂವರೆ ಸ್ಟಾಪ್

ಗುರು, ಯೋಚನೆಯೇ ಬೇಡ, ಫುಲ್ ಫ್ರೇಮ್‌ಗೆ ಹೋಗಿ. ನಿಮ್ಮ ಸೆನ್ಸರ್‌ಗಿಂತ ಎ7 3 ಸೆನ್ಸರ್ ದೊಡ್ಡದು, ನಾಯ್ಸ್, ಅಂದರೆ ಫೋಟೋದಲ್ಲಿ ಬರುವ ಕಾಳುಕಾಳು, ಒಂದು ಸ್ಟಾಪ್‌ಗಿಂತ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಸ್ವಲ್ಪ ಜಾಸ್ತಿಯೇ ಕಡಿಮೆ ಆಗುತ್ತದೆ. ಆರ್6 ಆದರೆ ಇನ್ನೂ ಚೆನ್ನ, ಕತ್ತಲಲ್ಲಿ ಫೋಕಸ್ ಹಿಡಿಯುವುದರಲ್ಲಿ ಅದು ರಾಕ್ಷಸ. ಮೈನಸ್ 6.5 ಇವಿ (ಬೆಳಕಿನ ಅಳತೆ, ಮೈನಸ್ ಜಾಸ್ತಿಯಾದಷ್ಟೂ ಕತ್ತಲು) ತನಕ ಎಂದು ಕಂಪನಿಯೇ ಹೇಳಿಕೊಂಡಿದೆ, ಆದರೆ ಎಫ್ 1.2 ಲೆನ್ಸ್ ಹಾಕಿದಾಗ ಎನ್ನುವುದು ಅದರ ಅಡಿ ಸಣ್ಣಕ್ಷರದಲ್ಲಿ ಇರುತ್ತದೆ. ನಿಮ್ಮ ಡಿ5600 ಮೈನಸ್ 1ಕ್ಕೇ ನಿಲ್ಲುತ್ತದೆ. 2016ರ ಕ್ಯಾಮೆರಾ ಅದು. ಕತ್ತಲಲ್ಲಿ ತಡಕಾಡುವುದು ಅದರ ತಪ್ಪಲ್ಲ, ಅದರ ವಯಸ್ಸು.

ಲೆನ್ಸ್ 35 ಎಫ್ 1.4. ಕಣ್ಣು ಮುಚ್ಚಿಕೊಂಡು ತಗೊಳ್ಳಿ.

ಕಪ್ಪು ಸೀಲಿಂಗ್

ಹುಡುಗ, ಸ್ವಲ್ಪ ನಿಲ್ಲು. ಆ ಒಂದು ಲಕ್ಷವನ್ನು ವಾಪಸ್ ಬ್ಯಾಂಕಿಗೆ ಹಾಕು.

ನಾನು ಒಂಬತ್ತು ವರ್ಷದಿಂದ ಚರ್ಚ್ ಸ್ಟ್ರೀಟ್, ಇಂದಿರಾನಗರದ ಕಡೆ ಪಬ್‌ಗಳಲ್ಲಿ ಫೋಟೋ ತೆಗೆಯುತ್ತಿದ್ದೇನೆ. ನಿನ್ನ ಸಮಸ್ಯೆ ಕ್ಯಾಮೆರಾ ಅಲ್ಲ, ಬೆಳಕು. ಅಲ್ಲಿ ಬೆಳಕೇ ಇಲ್ಲ. ಇಲ್ಲದ ಬೆಳಕನ್ನು ಒಂದು ಲಕ್ಷದ ಬಾಡಿ ಎಲ್ಲಿಂದ ತರುತ್ತದೆ? ಇರುವ ಬೆಳಕೂ ಅರ್ಧ ಸೆಕೆಂಡಿಗೊಂದು ಸಲ ಕೆಂಪು, ನೀಲಿ, ಹಸಿರು ಅಂತ ಬದಲಾಗುತ್ತಿರುತ್ತದೆ. ಒಳ್ಳೆ ಕ್ಯಾಮೆರಾದಲ್ಲಿ ತೆಗೆದರೆ ಅದೇ ನೇರಳೆ ಮುಖ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ.

ನಿನಗೆ ಬೇಕಿರುವುದು ಫ್ಲ್ಯಾಶ್. ನಿಕಾನ್‌ಗೆ ಬರುವ ಗೋಡಾಕ್ಸ್ ವಿ860 3 ತಗೋ, ದುಂಡು ತಲೆ ಬೇಕಿದ್ದರೆ ವಿ1. ಎರಡರಲ್ಲೂ ಲಿಥಿಯಂ ಬ್ಯಾಟರಿ, ಫುಲ್ ಪವರ್‌ನಲ್ಲಿ ಸುಮಾರು 480 ಸಲ ಹೊಡೆಯುತ್ತದೆ. ನೀನು ಹದಿನಾರರಲ್ಲಿ ಒಂದು ಪವರ್‌ನಲ್ಲಿ ಹೊಡೆಯುವವನು, ರಾತ್ರಿಯಿಡೀ ಒಂದೇ ಬ್ಯಾಟರಿ ಸಾಕು. ಪೆನ್ಸಿಲ್ ಸೆಲ್ ಹಾಕುವ ಫ್ಲ್ಯಾಶ್ ಬೇಡ ಅಂತಲ್ಲ, ಕೆಲಸ ನಡೆಯುತ್ತದೆ, ಆದರೆ ಕತ್ತಲಲ್ಲಿ ಯಾರೋ ಡಿಕ್ಕಿ ಹೊಡೆಯುವಾಗ ನಾಲ್ಕು ಸೆಲ್ ಬದಲಿಸುವುದು ಹಿಂಸೆ. ಒಂದು ಟೇಬಲ್ ಕೆಳಗೆ ಮೊಬೈಲ್ ಟಾರ್ಚ್ ಹಾಕಿಕೊಂಡು ಸೆಲ್ ಹುಡುಕಿದ್ದೇನೆ ನಾನು.

ಇನ್ನು ಲೆನ್ಸ್. 50 ಎಂಎಂ ಮನೆಯಲ್ಲಿಡು. ನಿನ್ನ ಕ್ಯಾಮೆರಾದಲ್ಲಿ ಅದು 75ರ ಹಾಗೆ ಕೆಲಸ ಮಾಡುತ್ತದೆ, ಮೂವರನ್ನು ಫ್ರೇಮಿಗೆ ತರಬೇಕೆಂದರೆ ಹಿಂದೆ ಹೋಗಿ ಬಾರ್ ಕೌಂಟರ್ ಮೇಲೆ ಹತ್ತಬೇಕು. ನೀನು ಬಯ್ಯುತ್ತಿರುವ ಆ ಕಿಟ್ ಲೆನ್ಸೇ ಸರಿ. 18 ಎಂಎಂ, ಎಫ್ 5.6.

ಕತ್ತಲಲ್ಲಿ ಲೆನ್ಸ್ ಬಾಯಿ ಕಿರಿದು ಮಾಡಿ ಎಫ್ 5.6 ಅಂದ ತಕ್ಷಣ ಎಲ್ಲರೂ ನಗುತ್ತಾರೆ, ಗೊತ್ತು. ಲೆಕ್ಕ ಹಾಕಿ ನೋಡು. 50 ಎಂಎಂ ಎಫ್ 1.8ರಲ್ಲಿ ಎರಡು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಶಾರ್ಪ್ ಆಗಿರುವುದು ಸುಮಾರು 11 ಸೆಂಟಿಮೀಟರ್. ಅಂಗೈ ಅಗಲ. ಕುಣಿಯುವವರು ಅಂಗೈ ಅಗಲದಲ್ಲಿ ನಿಲ್ಲುತ್ತಾರಾ? ಅದೇ 18 ಎಂಎಂ ಎಫ್ 5.6ರಲ್ಲಿ ಎರಡು ಮೀಟರ್‌ಗೆ ಇಟ್ಟರೆ ಸುಮಾರು 1.2 ಮೀಟರಿನಿಂದ 6.4 ಮೀಟರ್ ತನಕ ಎಲ್ಲ ಒಪ್ಪುವಷ್ಟು ಶಾರ್ಪ್. ಫೋಕಸ್ ಮೋಟಾರು ತಡಕಾಡುವ ಪ್ರಶ್ನೆಯೇ ಇಲ್ಲ, ಅದನ್ನು ಆಫ್ ಮಾಡಿಬಿಡು.

ಒಂದೂವರೆ ಸ್ಟಾಪ್

ಮೇಡಂ, ಗೌರವದಿಂದಲೇ ಹೇಳುತ್ತೇನೆ, ನೇರ ಫ್ಲ್ಯಾಶ್ ಹೊಡೆದ ಪಬ್ ಫೋಟೋ ಅಂದರೆ ವೋಟರ್ ಐಡಿ ಫೋಟೋ ಇದ್ದ ಹಾಗೆ ಇರುತ್ತದೆ. ಬೆಳ್ಳಗೆ ಸುಣ್ಣ ಬಳಿದ ಮುಖ, ಹಿಂದೆ ಕಪ್ಪು ಗುಹೆ. ಜನ ಪಬ್‌ಗೆ ಹೋಗುವುದೇ ಆ ಬಣ್ಣದ ವಾತಾವರಣಕ್ಕೆ. ಫ್ಲ್ಯಾಶ್ ಅದನ್ನು ಕೊಂದುಹಾಕುತ್ತದೆ. ಮದುವೆಯಲ್ಲಿ ಆದರೂ ಸೀಲಿಂಗ್‌ಗೆ ಬೌನ್ಸ್ ಮಾಡಬಹುದು.

ಕಪ್ಪು ಸೀಲಿಂಗ್

ನನ್ನ ಹೆಸರು ನೋಡಿದಿರಾ? ಅದೇ ಉತ್ತರ. ಪಬ್‌ಗಳ ಸೀಲಿಂಗ್‌ಗೆ ಕಪ್ಪು ಬಣ್ಣ, ಇಲ್ಲವೇ ಪೈಪು, ಡಕ್ಟು, ದೀಪ ನೇತುಹಾಕುವ ಟ್ರಸ್ಸು. ಕೆಲವು ಕಡೆ ಸೀಲಿಂಗೇ ಇಲ್ಲ, ರೂಫ್‌ಟಾಪ್. ಮೇಲಕ್ಕೆ ಹೊಡೆದ ಬೆಳಕು ಆಕಾಶಕ್ಕೆ ಅರ್ಪಣೆ. ಬೌನ್ಸ್ ಅಭ್ಯಾಸ ಕಲ್ಯಾಣ ಮಂಟಪದಲ್ಲೇ ಬಿಟ್ಟು ಬರಬೇಕು. ಫ್ಲ್ಯಾಶ್ ತಲೆಗೆ ಹಾಕುವ ಆ ಬಿಳಿ ಪ್ಲಾಸ್ಟಿಕ್ ಟೋಪಿಯೂ ಅಷ್ಟೇ, ನಾಲ್ಕೂ ಕಡೆ ಬೆಳಕು ಚೆಲ್ಲುತ್ತದೆ, ವಾಪಸ್ ಕಳಿಸಲು ಅಲ್ಲಿ ಬಿಳಿ ಗೋಡೆ ಇಲ್ಲ. ಬ್ಯಾಟರಿ ದಂಡ.

ಕಪ್ಪು ಗುಹೆ ಬರುವುದು ಫ್ಲ್ಯಾಶ್‌ನಿಂದ ಅಲ್ಲ. ಫ್ಲ್ಯಾಶ್ ಹಾಕಿದ ಮೇಲೂ ಶಟರ್ ಅನ್ನು 1/200ರಲ್ಲಿ ಇಟ್ಟರೆ ಬರುತ್ತದೆ. ಶಟರ್ 1/10ಕ್ಕೆ ಇಳಿಸಿ. ಆಗ ಏನಾಗುತ್ತದೆ ಎಂದರೆ, ಹತ್ತಿರ ಇರುವ ಮುಖಕ್ಕೆ ಬೆಳಕು ಬೀಳುವುದು ಫ್ಲ್ಯಾಶ್‌ನಿಂದ, ಅದು ಕಡಿಮೆ ಪವರ್‌ನಲ್ಲಿ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು ಹೊತ್ತಿ ಆರುತ್ತದೆ, ಹಾಗಾಗಿ ಮುಖ ಅಲುಗಾಡುವುದಿಲ್ಲ. ಉಳಿದ ಹೊತ್ತೆಲ್ಲ ಹಿಂದಿನ ನೀಲಿ, ಕೆಂಪು ದೀಪಗಳು ನಿಧಾನವಾಗಿ ಫ್ರೇಮಿಗೆ ಇಳಿಯುತ್ತವೆ. ಮುಖಕ್ಕೆ ಮುಖದ ಬಣ್ಣ, ಹಿಂದೆ ಪಬ್‌ನ ಬಣ್ಣ. ಶಟರ್ ಒತ್ತುವಾಗ ಕ್ಯಾಮೆರಾವನ್ನು ಸ್ವಲ್ಪ ತಿರುಗಿಸಿದರೆ ದೀಪಗಳು ಗೆರೆ ಗೆರೆಯಾಗಿ ಸುತ್ತುತ್ತವೆ. ಜನಕ್ಕೆ ಅದೆಂದರೆ ಹುಚ್ಚು. ನನಗೆ ಈಗ ಬೇಜಾರು ಬಂದಿದೆ, ಆದರೂ ರಾತ್ರಿಗೆ ನಾಲ್ಕೈದು ಹೊಡೆಯುತ್ತೇನೆ, ಪಬ್‌ನವರು ಹಾಕುವುದು ಅವನ್ನೇ.

ಶುರುವಿಗೆ ಇದು ಇಟ್ಟುಕೋ ಹುಡುಗ: ಮ್ಯಾನುಯಲ್ ಮೋಡ್, ಐಎಸ್ಒ 800, ಎಫ್ 5.6, 1/10, ಫ್ಲ್ಯಾಶ್ ಮ್ಯಾನುಯಲ್ 1/16. ಹಿನ್ನೆಲೆ ಕತ್ತಲಾದರೆ ಶಟರ್ ಇಳಿಸು, ಮುಖ ಬೆಳ್ಳಗಾದರೆ ಫ್ಲ್ಯಾಶ್ ಇಳಿಸು. ಎರಡು ಬೇರೆ ಬೇರೆ ನಲ್ಲಿ ಇದ್ದ ಹಾಗೆ, ಒಂದನ್ನು ತಿರುಗಿಸಿದರೆ ಇನ್ನೊಂದು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಇದು ತಲೆಗೆ ಹೋದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಟಿಟಿಎಲ್, ಅಂದರೆ ಫ್ಲ್ಯಾಶ್ ಪವರನ್ನು ಕ್ಯಾಮೆರಾವೇ ಲೆಕ್ಕ ಹಾಕುವ ಮೋಡ್, ಬೇಡ. ಕಪ್ಪು ಟೀ ಶರ್ಟ್ ಹಾಕಿದವನು ಬಂದರೆ ಅದು ಹೆದರಿ ಜಾಸ್ತಿ ಬೆಳಕು ಸುರಿಯುತ್ತದೆ. ಪಬ್‌ನಲ್ಲಿ ಎಲ್ಲರೂ ಕಪ್ಪು ಟೀ ಶರ್ಟೇ.

ಟ್ರಸ್ ಮೇಲಿನವನು

ನಾನು ಫೋಟೋಗ್ರಾಫರ್ ಅಲ್ಲ, ಲೈಟಿಂಗ್ ಹುಡುಗ. ನೀವು ಬಯ್ಯುವ ಆ ನೇರಳೆ ಬಣ್ಣ ಹಾಕುವವನು ನಾನೇ, ಕ್ಷಮಿಸಿ. ಎರಡು ಮಾತು ಹೇಳಬೇಕು, ಒಂದು ಸಣ್ಣದು, ಒಂದು ದೊಡ್ಡದು.

ಸಣ್ಣದು. ಎಲ್ಇಡಿ ಪಾರ್‌ಗಳು, ಅಂದರೆ ಸ್ಟೇಜಿನ ಬಣ್ಣದ ದೀಪಗಳು, ಮಬ್ಬಾಗುವುದು ಹಳೆ ಬಲ್ಬಿನ ಹಾಗೆ ಅಲ್ಲ. ಬಹಳ ಬೇಗ ಬೇಗ ಹೊತ್ತಿ ಆರಿ ಹೊತ್ತಿ ಆರಿ ಕಣ್ಣಿಗೆ ಮಬ್ಬು ಅನ್ನಿಸುತ್ತವೆ. ಅದಕ್ಕೇ ನೀವು ಮಿರರ್‌ಲೆಸ್‌ನಲ್ಲಿ ಸೈಲೆಂಟ್ ಮೋಡ್ ಹಾಕಿದರೆ ಫೋಟೋದಲ್ಲಿ ಅಡ್ಡ ಪಟ್ಟೆ ಪಟ್ಟೆ ಬರುವುದು, ಹಳೆ ಟಿವಿಯಲ್ಲಿ ಬರುತ್ತಿತ್ತಲ್ಲ, ಹಾಗೆ. ಮೆಕ್ಯಾನಿಕಲ್ ಶಟರ್ ಇಡಿ, ಶಟರ್ ಸ್ಪೀಡ್ ಕಡಿಮೆ ಇಡಿ. ಕ್ಯಾಮೆರಾದ ಸಾಮಾನ್ಯ ಆಂಟಿ ಫ್ಲಿಕರ್ ನೋಡುವುದು ಕರೆಂಟಿನ ಲೆಕ್ಕ, ನಮ್ಮಲ್ಲಿ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 100 ಮಿಣುಕು. ನಮ್ಮ ದೀಪಗಳ ಲೆಕ್ಕವೇ ಬೇರೆ, ಅದಕ್ಕೆ ಈ ಸೆಟ್ಟಿಂಗ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕಪ್ಪು ಸೀಲಿಂಗ್ ಅಕ್ಕ ಹೇಳಿದ 1/10ರಲ್ಲಿ ಪಟ್ಟೆ ಬರುವ ಮಾತೇ ಇಲ್ಲ.

ದೊಡ್ಡದು ಲೇಸರ್. ದಯವಿಟ್ಟು ಇದನ್ನು ತಮಾಷೆಯಾಗಿ ತಗೊಳ್ಳಬೇಡಿ. ಲೇಸರ್ ಕಿರಣ ನೇರ ಲೆನ್ಸಿಗೆ ಬಿದ್ದರೆ ಸೆನ್ಸರ್ ಸುಡುತ್ತದೆ. ಕಣ್ಣೆದುರು ನೋಡಿದ್ದೇನೆ. ಒಬ್ಬ ಹುಡುಗ, ಹೊಸ ಬಾಡಿ, ಡಿಜೆ ಬೂತ್ ಕಡೆಯಿಂದ ಹಸಿರು ಲೇಸರ್ ಬೀಸಿತು, ಪರದೆ ಮೇಲೆ ಉದ್ದಕ್ಕೂ ಒಂದು ಗೆರೆ. ಆಫ್ ಮಾಡಿ ಆನ್ ಮಾಡಿದ, ಗೆರೆ ಹೋಗಲಿಲ್ಲ. ಇವತ್ತಿಗೂ ಹೋಗಿಲ್ಲ. ಸರ್ವಿಸ್‌ನವರು ವಾರಂಟಿಗೆ ಬರುವುದಿಲ್ಲ ಎಂದರು. ಕ್ಯಾಮೆರಾ ಜೊತೆ ಬರುವ ಪುಸ್ತಕದಲ್ಲೇ ಲೇಸರ್‌ಗೆ ಹಿಡಿಯಬೇಡಿ ಎಂದು ಬರೆದಿರುತ್ತಾರೆ, ಯಾರು ಓದುತ್ತಾರೆ?

ಇನ್ನೊಂದು ವಿಷಯ, ಮಿರರ್‌ಲೆಸ್‌ನಲ್ಲಿ ನೀವು ಫ್ರೇಮ್ ನೋಡುತ್ತಿರುವಷ್ಟು ಹೊತ್ತೂ ಸೆನ್ಸರ್ ಬಾಯಿ ತೆರೆದೇ ಇರುತ್ತದೆ. ಹಳೆ ಡಿಎಸ್ಎಲ್ಆರ್‌ನಲ್ಲಿ ಕನ್ನಡಿ ಅಡ್ಡ ಇರುತ್ತದೆ, ಕ್ಲಿಕ್ ಮಾಡಿದ ಹೊತ್ತಿಗೆ ಮಾತ್ರ ಅಪಾಯ. (ಆದರೆ ಆ ಕನ್ನಡಿಯ ಮೂಲಕ ನೋಡುತ್ತಿರುವುದು ನಿಮ್ಮ ಕಣ್ಣು. ಕ್ಯಾಮೆರಾ ಇನ್ನೊಂದು ತರಬಹುದು, ಕಣ್ಣು ಇನ್ನೊಂದು ಸಿಗುವುದಿಲ್ಲ.) ಶುರುವಾಗುವ ಮುಂಚೆ ನಮ್ಮ ಹತ್ತಿರ ಬಂದು ಕೇಳಿ, ಲೇಸರ್ ಇದೆಯಾ, ಯಾವ ಕಡೆ ಬೀಸುತ್ತದೆ, ಯಾವ ಹಾಡಿಗೆ ಎಂದು. ನಾವು ಹೇಳುತ್ತೇವೆ. ಫೋಟೋಗ್ರಾಫರ್‌ಗಳು ಡಿಜೆ ಜೊತೆ ಸೆಲ್ಫಿ ತಗೊಳ್ಳುತ್ತಾರೆ, ನಮ್ಮ ಹತ್ತಿರ ಯಾರೂ ಬರುವುದಿಲ್ಲ.

ಹಾಸನದ ಹುಡುಗ

ಅಯ್ಯೋ, ಟ್ರಯಲ್ ದಿನ ಡಿಜೆ ಹಿಂದೆ ನಿಂತು ಹಸಿರು ಗೆರೆಗಳ ಕಡೆಗೇ ಹಿಡಿದಿದ್ದೆ. ಈಗ ಓಡಿ ಹೋಗಿ ಬಿಳಿ ಗೋಡೆ ಫೋಟೋ ತೆಗೆದು ನೋಡಿದೆ, ಗೆರೆ ಇಲ್ಲ. ಬಚಾವ್.

ಕಪ್ಪು ಸೀಲಿಂಗ್ ಅಕ್ಕ, ಫೋಕಸ್ ಆಫ್ ಮಾಡು ಎಂದಿರಿ. ನನ್ನ ಕಿಟ್ ಲೆನ್ಸ್ ನಿಕಾನ್‌ನ ಎಎಫ್-ಪಿ ಮಾದರಿಯದು, ಅದರ ಮೇಲೆ ದೂರದ ಗುರುತೂ ಇಲ್ಲ, ಸ್ವಿಚ್ಚೂ ಇಲ್ಲ. ಎರಡು ಮೀಟರ್ ಹೇಗೆ ಇಡುವುದು? ಮತ್ತೆ ಬ್ಯಾಟರಿ ಫ್ಲ್ಯಾಶ್ ಎಲ್ಲ ಸೇರಿ 20 ಸಾವಿರದೊಳಗೆ ಮುಗಿದರೆ, ಉಳಿದ ದುಡ್ಡಲ್ಲಿ ಒಳ್ಳೆ ವೈಡ್ ಲೆನ್ಸ್ ತಗೊಳ್ಳಬಹುದಾ? ಸುಮ್ನೆ ಕೇಳುತ್ತಿದ್ದೇನೆ, ಬಯ್ಯಬೇಡಿ.

ಎಸ್‌ಪಿ ರೋಡ್ ಸುತ್ತಾಟ

ಆ ಲೆನ್ಸ್ ನನ್ನ ಹತ್ತಿರವೂ ಇತ್ತು, ನಾನು ಹೇಳುತ್ತೇನೆ. ಎರಡು ಮೀಟರ್ ದೂರದಲ್ಲಿ ಯಾರನ್ನಾದರೂ ನಿಲ್ಲಿಸಿ, ಬೆಳಕಿರುವ ಕಡೆ, ವಾಶ್‌ರೂಮ್ ಬಾಗಿಲ ಹತ್ತಿರ ಸಾಮಾನ್ಯವಾಗಿ ಬೆಳಕಿರುತ್ತದೆ. ಆಟೋ ಫೋಕಸ್ ಮಾಡಿ, ಆಮೇಲೆ ಕ್ಯಾಮೆರಾ ಮೆನುವಿನಲ್ಲಿ ಮ್ಯಾನುಯಲ್ ಫೋಕಸ್‌ಗೆ ಬದಲಿಸಿ. ಆದರೆ ಇದರಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ಎಎಫ್-ಪಿ ಲೆನ್ಸ್‌ಗಳು ಕ್ಯಾಮೆರಾ ನಿದ್ದೆಗೆ ಹೋಗಿ ಎದ್ದಾಗ ಫೋಕಸ್ ಜಾಗ ಮರೆತುಬಿಡಬಹುದು. ಒಂದು ಗಂಟೆ ಹೊಡೆದ ಫೋಟೋ ಎಲ್ಲ ಮಂಜು. ಹಾಗಾಗಿ ಸ್ಟ್ಯಾಂಡ್‌ಬೈ ಟೈಮರ್ ಜಾಸ್ತಿ ಮಾಡಿ, ಆಗಾಗ ಜೂಮ್ ಮಾಡಿ ನೋಡಿ.

ಇದು ತಲೆನೋವು ಅನ್ನಿಸಿದರೆ ಇನ್ನೊಂದು ದಾರಿ ಇದೆ, ನಿಮ್ಮ ಹಳೆ ಡಿಎಸ್ಎಲ್ಆರ್‌ಗೆ ಇರುವ ಒಂದು ವರ ಅದು. ಆ ಗೋಡಾಕ್ಸ್ ಫ್ಲ್ಯಾಶ್ ಮುಂದುಗಡೆ ಕೆಂಪು ಕಿಟಕಿ ಇರುತ್ತದೆ ನೋಡಿ, ಅದರಿಂದ ಕೆಂಪು ಜಾಲರಿ ಬೆಳಕು ಬಿದ್ದು ಕತ್ತಲಲ್ಲೂ ಫೋಕಸ್ ಟಪ್ ಅಂತ ಹಿಡಿಯುತ್ತದೆ. ಎಎಫ್-ಎಸ್ (ಒಂದು ಸಲ ಫೋಕಸ್ ಹಿಡಿದು ನಿಲ್ಲುವ) ಮೋಡ್‌ನಲ್ಲಿ, ವ್ಯೂಫೈಂಡರ್‌ನಲ್ಲಿ ನೋಡುವಾಗ ಮಾತ್ರ, ನಡುವಿನ ಪಾಯಿಂಟ್ ಇಟ್ಟುಕೊಳ್ಳಿ. ಮಿರರ್‌ಲೆಸ್‌ಗೆ ಹೋದ ಎಷ್ಟೋ ಜನ ಇದನ್ನು ಕಳಕೊಂಡು ಗೋಳಾಡಿದ್ದಾರೆ, ಏಕೆಂದರೆ ಆ ಕೆಂಪು ಜಾಲರಿ ಅವುಗಳ ಸೆನ್ಸರ್ ಫೋಕಸ್‌ಗೆ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ.

ಲೆನ್ಸ್ ಬೇಕೇ ಬೇಕು ಅಂದರೆ ಟೋಕಿನಾ 11-20 ಎಫ್ 2.8 ಅಥವಾ ಅದರ ಅಣ್ಣ 11-16 ಸೆಕೆಂಡ್ ಹ್ಯಾಂಡ್ ನೋಡಿ. ಆದರೆ ಒಂದು ವಿಷಯ, ಡಿ5600 ಬಾಡಿಯಲ್ಲಿ ಫೋಕಸ್ ಮೋಟಾರ್ ಇಲ್ಲ. 11-16ರ ಮೊದಲ ಆವೃತ್ತಿಯಲ್ಲಿ ಲೆನ್ಸ್‌ನಲ್ಲೂ ಮೋಟಾರ್ ಇಲ್ಲ. ಅಂಗಡಿಯವನು "ನಿಕಾನ್ ಲೆನ್ಸ್ ಸರ್, ಕೂರುತ್ತೆ ಸರ್" ಎಂದು ಕೊಡುತ್ತಾನೆ. ಕೂರುತ್ತದೆ. ಫೋಕಸ್ ಮಾತ್ರ ಆಗುವುದಿಲ್ಲ. ನಿಮ್ಮ ಬಾಡಿ ತಗೊಂಡು ಹೋಗಿ ಹಾಕಿ ನೋಡಿ ದುಡ್ಡು ಕೊಡಿ.

ಮತ್ತೆ ಬಾಡಿ ತಗೊಳ್ಳುವ ದಿನ ಬಂದಾಗ ಜಿಎಸ್‌ಟಿ ಬಿಲ್ ಇಲ್ಲದ ಗ್ರೇ ಮಾಲು ಬೇಡ. ಅಗ್ಗ ಅನ್ನಿಸುತ್ತದೆ, ಇಲ್ಲಿನ ವಾರಂಟಿ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಆದರೆ ಲೆನ್ಸ್ ಮುಚ್ಚಳ ಹಾಕಿ ಒಂದು ಫೋಟೋ, ಬಿಳಿ ಗೋಡೆಗೆ ಎಫ್ 16ರಲ್ಲಿ ಒಂದು ಫೋಟೋ ತೆಗೆದು ಕಂಪ್ಯೂಟರ್‌ನಲ್ಲಿ ದೊಡ್ಡದು ಮಾಡಿ ನೋಡಿ. ಲೇಸರ್ ತಿಂದ ಸೆನ್ಸರ್ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಮೇಲಿನ ಟ್ರಸ್ ಬ್ರದರ್ ಹೇಳಿದ ಆ ಹುಡುಗನ ಕ್ಯಾಮೆರಾ ಈಗ ಯಾವ ಅಂಗಡಿಯ ಶೆಲ್ಫ್‌ನಲ್ಲಿ ಕೂತಿದೆಯೋ ಯಾರಿಗೆ ಗೊತ್ತು.

ಒಂದೂವರೆ ಸ್ಟಾಪ್

ಸರಿ, ಫ್ಲ್ಯಾಶ್ ವಿಷಯದಲ್ಲಿ ಸ್ವಲ್ಪ ಒಪ್ಪುತ್ತೇನೆ. ಆದರೆ ಡಿಜೆ ಫೋಟೋ? ಅವನ ಮುಖಕ್ಕೆ ಫ್ಲ್ಯಾಶ್ ಹೊಡೆದರೆ ಬೂತ್‌ನಿಂದ ಇಳಿದು ಬಂದು ಹೊಡೆಯುತ್ತಾನೆ. ಹೊಗೆ ಬಿಟ್ಟಾಗ ಫ್ಲ್ಯಾಶ್ ಹೊಡೆದರೆ ಹೊಗೆಯೇ ಬೆಳ್ಳಗೆ ಹೊಳೆದು ಹಿಂದೆ ಏನೂ ಕಾಣುವುದಿಲ್ಲ. ಅಲ್ಲಿ ನನ್ನ ಎಫ್ 1.4 ಬೇಕೇ ಬೇಕು.

ಕಪ್ಪು ಸೀಲಿಂಗ್

ಒಪ್ಪಿದೆ, ಅದು ನಿಜ. ಡಿಜೆಗೆ ಫ್ಲ್ಯಾಶ್ ಬೇಡ. ಹುಡುಗ, ನಿನ್ನ 50 ಎಂಎಂ ಆಗ ಚೀಲದಿಂದ ಹೊರಗೆ ಬರಲಿ. ಮನೆಯಲ್ಲಿಡು ಎಂದಿದ್ದೆ, ಮಾತು ವಾಪಸ್. ಡಿಜೆ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ನಿಲ್ಲುತ್ತಾನೆ, ಕನ್ಸೋಲ್‌ನ ಬೆಳಕು ಕೆಳಗಿನಿಂದ ಮುಖಕ್ಕೆ ಬೀಳುತ್ತದೆ. ಎಫ್ 2, 1/125, ಐಎಸ್ಒ 3200, ಹಿಂದಿನ ದೀಪ ಬೆಳಗುವ ಬೀಟ್‌ಗೆ ಕಾದು ಒತ್ತು. ಹಾಡು ಕೇಳಿಸಿಕೊಂಡರೆ ಬೆಳಕು ಯಾವಾಗ ಬರುತ್ತದೆ ಎಂದು ಗೊತ್ತಾಗುತ್ತದೆ, ಡ್ರಾಪ್ (ಬೀಟ್ ಜೋರಾಗಿ ಬೀಳುವ ಜಾಗ) ಆಗುವ ಮುಂಚೆ ಕತ್ತಲು, ಡ್ರಾಪ್ ಆದಾಗ ಎಲ್ಲ ದೀಪ.

ಹೊಗೆಗೆ ಒಂದೇ ಉಪಾಯ, ಹತ್ತಿರ ಹೋಗುವುದು. ನಿನಗೂ ಮುಖಕ್ಕೂ ನಡುವೆ ಒಂದು ಮೀಟರ್ ಗಾಳಿ ಇದ್ದರೆ ಒಂದು ಮೀಟರ್ ಹೊಗೆ. ಮೂರು ಮೀಟರ್ ಇದ್ದರೆ ಮೂರು. ಮೆಷಿನ್ ಬುಸ್ ಅಂದಾಗ ಎರಡು ನಿಮಿಷ ನೀರು ಕುಡಿ. ಇಲ್ಲವೇ ಫ್ಲ್ಯಾಶನ್ನು ಕ್ಯಾಮೆರಾದಿಂದ ಇಳಿಸಿ ಎಡಗೈಯಲ್ಲಿ ದೂರ ಹಿಡಿ, ಅದಕ್ಕೆ ವೈರ್‌ಲೆಸ್ ಟ್ರಿಗರ್ ಬೇಕು, ಈಗಲೇ ಬೇಡ, ಆರು ತಿಂಗಳಾದ ಮೇಲೆ.

ಕೆಂಪು ದೀಪದ ಬಗ್ಗೆಯೂ ಹೇಳಿಬಿಡುತ್ತೇನೆ, ಏಕೆಂದರೆ ಟ್ರಸ್ ತಮ್ಮ ಅದನ್ನು ಹಾಕುವುದು ಬಿಡುವುದಿಲ್ಲ. ಅಚ್ಚ ಕೆಂಪು ಎಲ್ಇಡಿಯಲ್ಲಿ ಮುಖ ತೆಗೆದರೆ ಕೆಂಪು ಚಾನೆಲ್ ಒಂದೇ ತುಂಬಿ ತುಳುಕುತ್ತದೆ, ಹಸಿರು ನೀಲಿ ಖಾಲಿ. ಕ್ಯಾಮೆರಾದ ಸಾಮಾನ್ಯ ಹಿಸ್ಟೋಗ್ರಾಮ್ ಎಲ್ಲ ಸರಿ ಇದೆ ಎನ್ನುತ್ತದೆ, ಮುಖ ನೋಡಿದರೆ ಮೂಗೂ ಇಲ್ಲ, ಕೆನ್ನೆಯೂ ಇಲ್ಲ, ಟೊಮೆಟೊ. ಬಣ್ಣ ಬೇರೆ ಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ಇಡು, ಒಂದು ಸ್ಟಾಪ್ ಕಡಿಮೆ ತೆಗೆ, ರಾ ಫೈಲ್‌ನಲ್ಲಿ ತೆಗೆ. ಆದರೂ ಕೆಟ್ಟರೆ ಕಪ್ಪು ಬಿಳುಪು ಮಾಡಿ ಕೊಡು. "ಕಲಾತ್ಮಕ" ಎನ್ನುತ್ತಾರೆ.

ಸ್ಪ್ರೀ ದಂಡೆ ಕನ್ನಡತಿ

ನಾನು ಬರ್ಲಿನ್‌ನಲ್ಲಿರುವುದು, ಮೂಲ ಶಿವಮೊಗ್ಗ. ಓದಿ ನಗು ಬಂತು, ಏಕೆಂದರೆ ಇಲ್ಲಿನ ಬರ್ಗೈನ್ ಥರದ ಕ್ಲಬ್‌ಗಳಲ್ಲಿ ಫೋಟೋನೇ ಇಲ್ಲ. ಬಾಗಿಲಲ್ಲೇ ಮೊಬೈಲ್ ಕ್ಯಾಮೆರಾ ಮೇಲೆ ಸ್ಟಿಕ್ಕರ್ ಅಂಟಿಸಿ ಒಳಗೆ ಬಿಡುತ್ತಾರೆ. ಒಳಗೆ ನಡೆದದ್ದು ಒಳಗೇ. ಮೊದಲ ಸಲ ವಿಚಿತ್ರ ಅನ್ನಿಸಿತು, ಆಮೇಲೆ ಯಾರೂ ಯಾರ ಕಡೆಯೂ ಮೊಬೈಲ್ ಹಿಡಿಯದ ಜಾಗದಲ್ಲಿ ಕುಣಿಯುವುದು ಎಷ್ಟು ಹಗುರ ಎಂದು ಗೊತ್ತಾಯಿತು.

ಹಾಗಾಗಿ ನನ್ನ ಪ್ರಶ್ನೆ ಉಪಕರಣದ್ದಲ್ಲ. ಅಲ್ಲಿ ಫೋಟೋ ತೆಗೆಯುವ ಮುಂಚೆ ಕೇಳುತ್ತೀರಾ?

ಕಪ್ಪು ಸೀಲಿಂಗ್

ಮಾತಲ್ಲಿ ಕೇಳಲು ಆಗುವುದಿಲ್ಲ, ಅಷ್ಟು ಸದ್ದು. ಕ್ಯಾಮೆರಾ ತೋರಿಸಿ ಹುಬ್ಬು ಎತ್ತುತ್ತೇನೆ. ತಲೆ ಆಡಿಸಿದರೆ ಫೋಟೋ, ಕೈ ಅಡ್ಡ ಹಿಡಿದರೆ ನಕ್ಕು ಮುಂದೆ. ಫ್ಲ್ಯಾಶ್‌ನ ಇನ್ನೊಂದು ಲಾಭ ಇದು, ಯಾರೂ ಕದ್ದು ತೆಗೆದರು ಎನ್ನುವ ಹಾಗಿಲ್ಲ. ಕತ್ತಲಲ್ಲಿ ಎಫ್ 1.4 ಹಾಕಿಕೊಂಡು ಸದ್ದಿಲ್ಲದೆ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು. (ನಿಮಗೆ ಹೇಳಿದ್ದಲ್ಲ, ಒಂದೂವರೆ ಸ್ಟಾಪ್ ಸರ್.)

ಕುಡಿದು ತೂರಾಡುವವರು, ಮೂಲೆಯಲ್ಲಿ ಕೂತ ಜೋಡಿ, ಅಳುತ್ತಿರುವವರು, ಇವರ ಫೋಟೋ ತೆಗೆಯುವುದಿಲ್ಲ. ತೆಗೆದು ಆಮೇಲೆ ಡಿಲೀಟ್ ಮಾಡುತ್ತೇನೆ ಅಂತಲೂ ಇಲ್ಲ. ಕಾರ್ಡಿನಲ್ಲಿ ಇದ್ದರೆ ಮ್ಯಾನೇಜರ್ ಕೇಳುತ್ತಾನೆ. ಮರುದಿನ ಯಾರಾದರೂ ತೆಗೆದುಹಾಕಿ ಎಂದು ಮೆಸೇಜ್ ಮಾಡಿದರೆ ಯಾಕೆ ಎಂದು ಕೇಳದೆ ತೆಗೆಸಬೇಕು, ಇದನ್ನು ಪಬ್‌ನವರ ಹತ್ತಿರ ಕೆಲಸ ಒಪ್ಪಿಕೊಳ್ಳುವಾಗಲೇ ಬರೆಸಿಕೊಂಡಿದ್ದೇನೆ. ಮನೆಯಲ್ಲಿ ಹೇಳದೆ ಬಂದ ಹೆಣ್ಣುಮಕ್ಕಳು ಎಷ್ಟು ಜನ ಇರುತ್ತಾರೆ. ಒಂದು ಫೋಟೋ ಊರಿನ ವಾಟ್ಸ್ಆ್ಯಪ್ ಗ್ರೂಪಿಗೆ ಹೋದರೆ ಏನಾಗುತ್ತದೆ ಎಂದು ನಿಮಗೆ ಬರ್ಲಿನ್‌ನಲ್ಲಿದ್ದರೂ ಗೊತ್ತಲ್ಲ.

ಸ್ಪ್ರೀ ದಂಡೆ ಕನ್ನಡತಿ

ಗೊತ್ತು. ಥ್ಯಾಂಕ್ಸ್.

ಟ್ರಸ್ ಮೇಲಿನವನು

ಇನ್ನೊಂದು ಮರೆತಿದ್ದೆ. ಕಿವಿ! ಸ್ಪೀಕರ್ ಪಕ್ಕ 100 ಡೆಸಿಬಲ್ ದಾಟುವುದು ಮಾಮೂಲು. ಕೆಲಸದ ಜಾಗದ ಸದ್ದಿಗೆ ಅಮೆರಿಕದವರ ಲೆಕ್ಕ ಒಂದಿದೆ, 85 ಡೆಸಿಬಲ್‌ಗೆ ಎಂಟು ಗಂಟೆ, ಆಮೇಲೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧ. ಹಾಗೆ ಇಳಿಸುತ್ತಾ ಹೋದರೆ 100ಕ್ಕೆ ಕಾಲು ಗಂಟೆ. ನೀವು ನಿಲ್ಲುವುದು ಮೂರು ಗಂಟೆ, ವಾರಕ್ಕೆರಡು ದಿನ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಆದರೂ ಹಾಕಿ. ನನಗೆ 34 ವರ್ಷ, ಎಡಗಿವಿಯಲ್ಲಿ ರಾತ್ರಿ ಮಲಗಿದರೆ ಕುಂಯ್ ಅಂತ ಇರುತ್ತದೆ.

ಎಸ್‌ಪಿ ರೋಡ್ ಸುತ್ತಾಟ

ಚಿಲ್ಲರೆ ವಸ್ತುಗಳು ಯಾರೂ ಹೇಳಲಿಲ್ಲ. ಮೈಕ್ರೋಫೈಬರ್ ಬಟ್ಟೆ ಎರಡು, ಒಂದು ಬಿಯರ್‌ಗೆ, ಒಂದು ಲೆನ್ಸ್‌ಗೆ, ಅದಲುಬದಲು ಆಗಬಾರದು. ಬೀದಿಯಲ್ಲಿ ಸಿಗುವ ಅಗ್ಗದ ಯುವಿ ಫಿಲ್ಟರ್ ಬೇಡ, ಪ್ರತಿ ದೀಪಕ್ಕೂ ಒಂದು ಹಸಿರು ದೆವ್ವ ಫ್ರೇಮ್‌ನಲ್ಲಿ ಕಾಣುತ್ತದೆ, ಅದರ ಬದಲು ಲೆನ್ಸ್ ಹುಡ್. ಕ್ಯಾಮೆರಾ ಪಟ್ಟಿ ಕುತ್ತಿಗೆಗಲ್ಲ, ಕೈಗೆ ಸುತ್ತಿಕೊಳ್ಳಿ. ಡಿ5600ರಲ್ಲಿ ಕಾರ್ಡ್ ಜಾಗ ಒಂದೇ, ಹಾಗಾಗಿ ಒಂದು ದೊಡ್ಡ ಕಾರ್ಡ್ ಬದಲು ಎರಡು ಸಣ್ಣ ಕಾರ್ಡ್, 11:30ಕ್ಕೆ ಬದಲಿಸಿ ಜೇಬಿಗೆ ಹಾಕಿಕೊಳ್ಳಿ.

ಮತ್ತೆ ವಾಪಸ್ ಹೋಗುವ ಖರ್ಚು. 1ಕ್ಕೆ ಪಬ್ ಮುಚ್ಚುತ್ತದೆ, ಆ ಹೊತ್ತಿಗೆ ಮೆಟ್ರೋ ಇರುವುದಿಲ್ಲ. ಆಟೋದವನು ಕ್ಯಾಮೆರಾ ಬ್ಯಾಗ್ ನೋಡಿ ರೇಟು ಹೇಳುತ್ತಾನೆ. ಅದನ್ನು ಪಬ್‌ನವರ ರೇಟಿಗೆ ಸೇರಿಸಿ ಮಾತಾಡಿ.

ಹಾಸನದ ಹುಡುಗ

(ಭಾನುವಾರ ಮಧ್ಯಾಹ್ನ, ಈಗಷ್ಟೇ ಎದ್ದೆ)

ವಿ860 3 ತಗೊಂಡೆ. ಶುಕ್ರವಾರ ರಾತ್ರಿ ಅರ್ಧ ಗಂಟೆ ಎಲ್ಲ ಎಡವಟ್ಟು. ರಿಯರ್ ಕರ್ಟನ್ ಹಾಕಿದರೆ ಗೆರೆಗಳು ಚೆನ್ನಾಗಿ ಬರುತ್ತವೆ ಎಂದು ಎಲ್ಲೋ ಓದಿ ಅದನ್ನು ಹಾಕಿದ್ದೆ. ಜನ ಪೋಸ್ ಕೊಟ್ಟು, ನಾನು ಒತ್ತಿ, ಶಟರ್ ಮುಚ್ಚುವ ಹೊತ್ತಿಗೆ ಫ್ಲ್ಯಾಶ್ ಹೊಡೆಯುವಷ್ಟರಲ್ಲಿ ಅರ್ಧ ಜನ ನಗು ನಿಲ್ಲಿಸಿ ಪಕ್ಕಕ್ಕೆ ತಿರುಗಿರುತ್ತಿದ್ದರು. ಆಮೇಲೆ ಮಾಮೂಲಿ ಫ್ರಂಟ್‌ಗೆ ಬದಲಿಸಿದೆ, ಒತ್ತಿದ ತಕ್ಷಣ ಮುಖ ಸಿಕ್ಕಿತು. ಕ್ಯಾಮೆರಾ ತಿರುಗಿಸಿದಾಗ ಗೆರೆ ಹೇಗೂ ಬರುತ್ತದೆ.

ಕಿಟ್ ಲೆನ್ಸ್ ಮ್ಯಾನುಯಲ್ ಫೋಕಸ್ ಆಟ ನನ್ನಿಂದ ಆಗಲಿಲ್ಲ, ಎರಡು ಸಲ ಜಾಗ ಮರೆಯಿತು. ಕೆಂಪು ಜಾಲರಿಗೆ ಬಂದೆ, ನಡುವಿನ ಪಾಯಿಂಟ್, ಪ್ರಾಣ ಉಳಿಯಿತು. ಕೆಲವರು ಆ ಕೆಂಪು ಬೆಳಕು ನೋಡಿ ಫೋಟೋ ಆಯಿತು ಎಂದು ಹೊರಟುಬಿಡುತ್ತಾರೆ, ಅವರನ್ನು ತಡೆಯಬೇಕು.

ನಾನು 1/10 ಇಟ್ಟಿದ್ದೆ, ಆದರೆ ಬಾರ್ ಹತ್ತಿರ ಬೆಳಕು ಜಾಸ್ತಿ, ಅಲ್ಲಿ ಮುಖದ ಪಕ್ಕ ಇನ್ನೊಂದು ತೆಳು ಮುಖ ಬಂತು, ದೆವ್ವದ ಹಾಗೆ. ಅಲ್ಲಿ 1/30ಕ್ಕೆ ಏರಿಸಿದೆ, ಸರಿಹೋಯಿತು. ಶನಿವಾರ 310 ಫೋಟೋ, 140 ಕೊಟ್ಟೆ. ಲೈಟಿಂಗ್ ಅಣ್ಣನ ಹತ್ತಿರ ಹೋಗಿ ಲೇಸರ್ ಯಾವಾಗ ಎಂದು ಕೇಳಿದೆ, ಅವರಿಗೆ ಆಶ್ಚರ್ಯ. ಹನ್ನೆರಡೂವರೆಗೆ ಒಂದೇ ಹಾಡಿಗೆ ಎಂದರು, ಆ ಹಾಡಿಗೆ ಹೊರಗೆ ಹೋಗಿ ಚಹಾ ಕುಡಿದು ಬಂದೆ.

ಮ್ಯಾನೇಜರ್ ಈ ಸಲವೂ ಜಾಸ್ತಿ ಏನೂ ಹೇಳಲಿಲ್ಲ. "ಮುಂದಿನ ವಾರ ಒಂಬತ್ತೂವರೆಗೇ ಬನ್ನಿ" ಎಂದರು.

ಒಂದೂವರೆ ಸ್ಟಾಪ್

ಖುಷಿಯಾಯಿತು ಗುರು. ಹಾಗಾದರೆ ಆ ಉಳಿದ 80 ಸಾವಿರ ಏನು ಮಾಡುತ್ತೀರಿ? ಎ7 3 ಒಂದು ಮಾರಾಟಕ್ಕಿದೆ, ನನ್ನದೇ. ಲೇಸರ್ ತಾಗಿಲ್ಲ, ಆಣೆ ಮಾಡುತ್ತೇನೆ.

ಹಾಸನದ ಹುಡುಗ

ಬಿಳಿ ಗೋಡೆ ಫೋಟೋ ಕಳಿಸಿ ಸರ್. ಎಫ್ 16ರಲ್ಲಿ.